ಹೆಸರೇ ಬಿರುದಾದ ಗಾಯಕಿ: ಅಮೀರಬಾಯಿ ಕರ್ನಾಟಕಿ

ರಾಜ್ಯೋತ್ಸವದ ದಿನ ಬಂದಿತೆಂದರೆ ಪ್ರಶಸ್ತಿಗಳ ಮಾತು ತಾನಾಗಿಯೇ ಬರುತ್ತದೆ. ಯಾರಿಗೆ ಬಂದಿತು, ಯಾರಿಗೆ ತಪ್ಪಿತು, ಮುಂದಿನ ವರ್ಷ ಯಾರಿಗೆ ಬರಬೇಕು ಎಂಬ ಚರ್ಚೆ ಊರಿನಲ್ಲಿ ಹೇಗೋ ಹಾಗೆ ಮುಂಬಯಿಯ ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಶಾಲು, ಹಾರ, ಫಲತಾಂಬೂಲ, ಪದಕ ಇವೆಲ್ಲ ಒಳ್ಳೆಯವೇ. ಗುಣವಂತರನ್ನು ಗುರುತಿಸದ ನಾಡು ಬಹುಕಾಲ ಗುಣವಂತರನ್ನು ಪಡೆಯಲಾರದು. ಆದರೆ ಇವೊಂದೂ ಇಲ್ಲದೆಯೇ ಇಡಿಯ ಭಾರತದ ಮನ್ನಣೆಯನ್ನು ಗಳಿಸಿದ ಕನ್ನಡತಿಯೊಬ್ಬರು ನಮ್ಮ ಈ ನಗರದಲ್ಲಿಯೇ ಬಾಳಿ ಹೋದರು. ಅವರೇ ಅಮೀರಬಾಯಿ ಕರ್ನಾಟಕಿ. ಅವರ ಬಾಳನ್ನು ಈ ಶುಭದಿನದಲ್ಲಿ ನೆನೆಯುವುದು ಉಚಿತವೆಂದು ಈ ಕೆಲವು ಮಾತುಗಳು.

ಅಮೀರಬಾಯಿಯವರು ಹುಟ್ಟಿದ್ದು ಬೀಳಗಿಯಲ್ಲಿ. ಇಂದು ಬೀಳಗಿಯು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆಗ ಅದು ವಿಜಾಪುರ ಜಿಲ್ಲೆಯ ಊರು, ಮುಂಬಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದಿತು. ಇದನ್ನು ನಾವು ಮೊದಲಿಗೇ ನೆನಪಿಡಬೇಕು. ಮೈಸೂರಿನವರಿಗೆ ಮುಂಬಯಿ ಪರದೇಶವಾಗಿದ್ದಿರಬಹುದು. ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳ ಕನ್ನಡಿಗರಿಗೆ ಅದೇ ರಾಜಧಾನಿ. ಕೋರ್ಟಿನ ಕೊನೆಯ ತೀರ್ಪಿಗೂ ಇಲ್ಲಿಗೇ ಬರಬೇಕು, ದೊಡ್ಡ ಪರೀಕ್ಷೆಗೂ ಇಲ್ಲಿಯದೇ ವಿಶ್ವವಿದ್ಯಾಲಯ, ಹೊಟ್ಟೆಪಾಡಿಗೂ ಇಲ್ಲಿಯವೇ ಗಿರಣಿಗಳು. ಬಾಗಲಕೋಟೆ, ವಿಜಾಪುರಗಳನ್ನು ಹಾದು ಹೊಟಗಿಯವರೆಗೆ ಸಣ್ಣ ಹಳಿಯ ಗಾಡಿ. ಅಲ್ಲಿಂದ ಮುಂದೆ ದೊಡ್ಡ ಹಳಿಯ ಗಾಡಿ ಹಿಡಿದರೆ ಬೋರಿಬಂದರ. ಮಳೆ ಕೈಕೊಟ್ಟ ವರ್ಷ ಆ ಸೀಮೆಯ ಎಷ್ಟು ಸಂಸಾರಗಳು ಈ ದಾರಿಯಲ್ಲಿ ಬಂದವೋ ಲೆಕ್ಕವಿಟ್ಟವರಾರು? ಆ ದಾರಿಯನ್ನು ಕಂಡವರು ನಮ್ಮ ಓದುಗರ ಹಿರಿಯರಲ್ಲಿಯೂ ಹಲವರಿರಬೇಕು.

ವಿಜಾಪುರ ಸೀಮೆಯಲ್ಲಿ ಆಗ ನಾಟಕ ಕಂಪನಿಗಳ ಕಾಲ. ಸುಗ್ಗಿ ಮುಗಿದು ಜಾತ್ರೆಗಳು ಕೂಡಿದವೆಂದರೆ ತಗಡಿನ ಥಿಯೇಟರು ಏಳುತ್ತಿದ್ದಿತು. ರಾತ್ರಿಯೆಲ್ಲ ಪೇಟಿ, ತಬಲಾ, ರಂಗಗೀತೆ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕೊನೆಯ ಸಾಲಿನಲ್ಲಿ ಕುಳಿತ ರೈತನಿಗೂ ಶಬ್ದ ಶಬ್ದವೂ ತಿಳಿಯುವಂತೆ ಹಾಡಬೇಕು. ಶಾರೀರವು ಗಟ್ಟಿಯಾಗಿರಬೇಕು, ಉಚ್ಚಾರ ಸ್ಪಷ್ಟವಾಗಿರಬೇಕು, ತಾನು-ಪಲ್ಟಾಗಳ ನಡುವೆ ಹಾಡಿನ ಅರ್ಥ ಕಳೆಯಬಾರದು. ಮುಂದೆ ಅಮೀರಬಾಯಿಯವರ ಗಾಯನದಲ್ಲಿ ಎದ್ದು ಕಾಣುವ ಗುಣಗಳೆಲ್ಲ ಈ ರಂಗಭೂಮಿಯ ಗುಣಗಳೇ ಆಗಿವೆ. ಅವರ ಸೋದರಿ ಗೋಹರಬಾಯಿಯವರೂ ಇದೇ ದಾರಿಯಲ್ಲಿ ಬೆಳೆದು ಹೆಸರಾದವರು. ಮರಾಠಿ ರಂಗಭೂಮಿಯ ಬಾಲಗಂಧರ್ವರ ಮಂಡಳಿಯಲ್ಲಿ ನಾಯಕಿಯಾಗಿ ಹಾಡಿ, ಕೊನೆಗೆ ಅವರ ಬಾಳಸಂಗಾತಿಯೂ ಆದ ಗೋಹರಬಾಯಿ ಕರ್ನಾಟಕಿ ಇವರೇ. ಬೀಳಗಿಯ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಮರಾಠಿ ರಂಗಭೂಮಿಯಲ್ಲಿ, ಇನ್ನೊಬ್ಬರು ಹಿಂದಿ ಚಿತ್ರಪಟದಲ್ಲಿ ಕರ್ನಾಟಕದ ಹೆಸರನ್ನು ಹೊತ್ತು ನಿಂತರೆಂಬುದು ಸಾಮಾನ್ಯ ಸಂಗತಿಯಲ್ಲ.

1931ರ ಮಾರ್ಚ್ 14ರಂದು ಗಿರಗಾಂವದ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲನೆಯ ಬೋಲಪಟ 'ಆಲಂ ಆರಾ' ತೆರೆಕಂಡಿತು. ಮೂಕಿಯಾಗಿದ್ದ ತೆರೆಗೆ ಮಾತು ಬಂದಿತು. ಮಾತಿಗಿಂತ ಮೊದಲು ಹಾಡು ಬಂದಿತೆಂದರೂ ತಪ್ಪಲ್ಲ. ಅದುವರೆಗೆ ಅಂದಚಂದವಿದ್ದವರು ಸಾಕಾಗಿದ್ದಿತು. ಇನ್ನು ಮೇಲೆ ಹಾಡಬಲ್ಲವರು ಬೇಕಾದರು. ಆಗ ಚಿತ್ರಸಂಸ್ಥೆಗಳು ಕೈನೀಡಿದ್ದು ನಾಟಕ ಕಂಪನಿಗಳ ಕಡೆಗೆ, ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿ ಹೆಸರಾದ ಬಾಯಿಯರ ಕಡೆಗೆ. ಅಮೀರಬಾಯಿಯವರು ಮುಂಬಯಿಯ ಚಿತ್ರಜಗತ್ತನ್ನು ಪ್ರವೇಶಿಸಿದ್ದು ಈ ಸಂಧಿಯಲ್ಲಿ. 1934ರ 'ವಿಷ್ಣುಭಕ್ತಿ' ಅವರ ಮೊದಲ ಚಿತ್ರ. ಕನ್ನಡದ ಮೊದಲ ಬೋಲಪಟ 'ಸತಿ ಸುಲೋಚನಾ' ತೆರೆಕಂಡದ್ದೂ ಅದೇ ವರ್ಷವೇ.

ಮೊದಲ ಕೆಲವು ವರ್ಷಗಳು ಸುಲಭವಾಗಿರಲಿಲ್ಲ. ಆಗ ನಟಿಯಾದವಳು ತನ್ನ ಹಾಡನ್ನು ತಾನೇ, ಕ್ಯಾಮೆರಾದ ಎದುರಿನಲ್ಲಿಯೇ ಹಾಡಬೇಕು. ವಾದ್ಯದವರು ಚೌಕಟ್ಟಿನ ಹೊರಗೆ ಅಡಗಿ ನುಡಿಸಬೇಕು. ಒಂದು ಅಪಸ್ವರ ಬಂದರೆ ಇಡಿಯ ದೃಶ್ಯವೇ ಮತ್ತೊಮ್ಮೆ. 1935ರ 'ಧೂಪ್ ಛಾಂವ್' ಚಿತ್ರದಿಂದ ಹಿನ್ನೆಲೆ ಗಾಯನವೆಂಬ ಹೊಸ ಪದ್ಧತಿಯು ಬಂದಿತು. ತೆರೆಯ ಮೇಲೆ ತುಟಿ ಆಡಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬಂತಾಯಿತು. ಅನೇಕ ಗಾಯಕ-ನಟಿಯರಿಗೆ ಈ ಬದಲಾವಣೆ ಮುಳುವಾಯಿತು. ಅಮೀರಬಾಯಿಯವರಿಗೆ ಇದೇ ಭಾಗ್ಯದ ಬಾಗಿಲಾಯಿತು. ಮುಖವನ್ನು ಹಿಂದೆ ಬಿಟ್ಟು ಅವರ ದನಿಯು ಮುಂದೆ ನಡೆಯಿತು.

1940ರಲ್ಲಿ ವಿಜಯ ಭಟ್ಟರ 'ನರಸೀ ಭಗತ್' ಬಂದಿತು. ವಿಷ್ಣುಪಂತ ಪಾಗನೀಸರು ನರಸೀ ಮೆಹತಾ ಆದರು. ಅಮೀರಬಾಯಿಯವರು ಈ ಚಿತ್ರದಲ್ಲಿ ನಟಿಸಿ ಹಾಡಿದರು. ನರಸೀ ಮೆಹತಾನ ಭಜನೆಗಳನ್ನು ಅವರು ಹಾಡಿದ ರೀತಿ ಸ್ವತಃ ಗಾಂಧೀಜಿಯವರ ಮೆಚ್ಚಿಕೆಗೆ ಪಾತ್ರವಾಯಿತೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಬೀಳಗಿಯ ಮುಸಲ್ಮಾನ ಮನೆತನದ ಹೆಣ್ಣುಮಗಳು ಗುಜರಾತಿನ ವೈಷ್ಣವ ಭಕ್ತನ ಪದಗಳನ್ನು ಹಾಡುವುದು, ಕೇಳಿದವರು ಕಣ್ಣೊರೆಸಿಕೊಳ್ಳುವುದು, ಇದರಲ್ಲಿ ಅಂದಿನ ಯಾರಿಗೂ ವಿಶೇಷವೇನೂ ಕಾಣಿಸಿರಲಿಲ್ಲ. ವಿಶೇಷವೇನೂ ಕಾಣಿಸದಿದ್ದುದೇ ಇಂದು ನಮಗೆ ವಿಶೇಷವಾಗಿ ಕಾಣುತ್ತದೆ.

ಅವರ ಕೀರ್ತಿಯು ತುತ್ತತುದಿಗೇರಿದ್ದು 1943ರ 'ಕಿಸ್ಮತ್' ಚಿತ್ರದಿಂದ. ಮಲಾಡಿನ ಬಾಂಬೆ ಟಾಕೀಸಿನಲ್ಲಿ ತಯಾರಾದ ಈ ಚಿತ್ರಕ್ಕೆ ಕವಿ ಪ್ರದೀಪರ ಸಾಹಿತ್ಯ, ಅನಿಲ್ ಬಿಸ್ವಾಸರ ಸಂಗೀತ. ಅಶೋಕಕುಮಾರ ನಾಯಕ, ಮುಮ್ತಾಜ್ ಶಾಂತಿ ನಾಯಿಕೆ. ನಾಯಿಕೆಯ ಹಾಡುಗಳಿಗೆ ದನಿಯಿತ್ತವರು ಅಮೀರಬಾಯಿ. ಚಿತ್ರವು ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಈ ದಾಖಲೆಯನ್ನು ಮುರಿಯಲು 1975ರ 'ಶೋಲೆ' ಬರಬೇಕಾಯಿತು.

ಆ ಚಿತ್ರದ ಹಾಡುಗಳಲ್ಲಿ ವಿರಹದ್ದೊಂದು, ಜೋಗುಳದಂತೆ ಮೋಡವನ್ನು ಕುರಿತು ಮೆಲ್ಲಗೆ ಹಾಡುವುದೊಂದು, ದೀಪಾವಳಿಯ ರಾತ್ರಿಯಲ್ಲಿ ತನ್ನ ಮನೆಯ ಕತ್ತಲನ್ನು ನೆನೆಯುವುದೊಂದು ಇವೆ. ಇವೆಲ್ಲಕ್ಕಿಂತ ಮಿಗಿಲಾಗಿ ದೇಶವೆಲ್ಲ ಎದೆಯುಬ್ಬಿಸಿ ಹಾಡಿದ್ದು ಖಾನ್ ಮಸ್ತಾನಾ ಮತ್ತು ಸಂಗಡಿಗರೊಡನೆ ಅವರು ಹಾಡಿದ ದೇಶಭಕ್ತಿಯ ಸಮೂಹಗಾನ. 1942ರ ಆಗಸ್ಟಿನಲ್ಲಿ ಇದೇ ನಗರದ ಗೋವಾಲಿಯಾ ಟ್ಯಾಂಕ್ ಮೈದಾನದಿಂದ ಚಲೇಜಾವ್ ಚಳವಳಿಯ ಕರೆ ಹೊರಟಿದ್ದಿತು. ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಅಂಥ ಹೊತ್ತಿನಲ್ಲಿ ಪರಕೀಯರೆಲ್ಲ ದೂರ ಸರಿಯಿರೆಂದು ಸಾರುವ ಹಾಡು ಸರಕಾರದ ಕತ್ತರಿಯನ್ನು ತಪ್ಪಿಸಿಕೊಂಡು ಬಂದುದೇ ಆಶ್ಚರ್ಯ. ಹಾಡಿನಲ್ಲಿ ಹೆಸರಿಸಿದ್ದು ಜರ್ಮನರನ್ನೂ ಜಪಾನಿಯರನ್ನೂ. ಯುದ್ಧಕಾಲದ ಇಂಗ್ರೇಜಿ ಅಧಿಕಾರಿಗಳಿಗೆ ಅದು ತಮ್ಮ ಶತ್ರುಗಳ ಮೇಲಿನ ಹಾಡಾಗಿಯೇ ಕಂಡಿತು. ಕೇಳಿದ ಜನ ಮಾತ್ರ ಅದು ಯಾರನ್ನು ಕುರಿತದ್ದೆಂಬುದನ್ನು ಮೊದಲನೆಯ ಸಲಕ್ಕೇ ಅರಿತುಕೊಂಡರು. ಚಿತ್ರಮಂದಿರಗಳಲ್ಲಿ ಜನರ ಒತ್ತಾಯಕ್ಕೆ ರೀಲನ್ನು ಹಿಂದಕ್ಕೆ ಸುತ್ತಿ ಆ ಹಾಡನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಕನ್ನಡಿಗರ ಪಾಲನ್ನು ಎಣಿಸುವಾಗ ನಾವು ಅಂಕೋಲೆಯ ಉಪ್ಪನ್ನು, ಈಸೂರಿನ ಬಲಿದಾನವನ್ನು ನೆನೆಯುತ್ತೇವೆ. ಆ ಸಾಲಿನ ಕೊನೆಯಲ್ಲಿ ಈ ದನಿಗೂ ಒಂದಿಷ್ಟು ಜಾಗವಿರಬೇಕಲ್ಲವೆ?

ಇನ್ನು ಅವರಿಗೆ ಬಿಡುವೆಂಬುದೇ ಇರಲಿಲ್ಲ. 1944ರಲ್ಲಿ ಖೇಮಚಂದ ಪ್ರಕಾಶರ ಸಂಗೀತದ 'ಭರ್ತೃಹರಿ', ಅದೇ ವರ್ಷ ನೌಶಾದರ 'ರತನ್', 1947ರಲ್ಲಿ ಸಿ. ರಾಮಚಂದ್ರರ 'ಶಹನಾಯಿ'. ಸಂಗೀತ ನಿರ್ದೇಶಕರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರಿಗೆ ರಾಗದ ಗಾಂಭೀರ್ಯ ಬೇಕು, ಒಬ್ಬರಿಗೆ ಜಾನಪದದ ಕುಣಿತ ಬೇಕು, ಇನ್ನೊಬ್ಬರಿಗೆ ಹೊಸ ಮೋಜಿನ ಧಾಟಿ ಬೇಕು. ಅಮೀರಬಾಯಿಯವರು ಮೂವರಿಗೂ ಒದಗಿಬಂದರು. 1948ರ 'ಶಹನಾಜ್' ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕಿಯಾದರು. ಹೆಣ್ಣುಮಕ್ಕಳು ಹಾಡಬಹುದು, ಆದರೆ ವಾದ್ಯವೃಂದದ ಮುಂದೆ ನಿಂತು ಅಪ್ಪಣೆ ಕೊಡುವುದು ಗಂಡಸರ ಕೆಲಸವೆಂದೇ ಎಲ್ಲರೂ ತಿಳಿದಿದ್ದ ಕಾಲವದು. ಹಿಂದಿ ಚಿತ್ರರಂಗದಲ್ಲಿ ಆ ಸ್ಥಾನವನ್ನೇರಿದ ಸ್ತ್ರೀಯರನ್ನು ಇಂದಿಗೂ ಬೆರಳುಗಳ ಮೇಲೆಯೇ ಎಣಿಸಬಹುದಾಗಿದೆ.

ಗುಜರಾತಿ ಬಂಧುಗಳು ಅವರನ್ನು ನೆನೆಯುವುದು 1946ರ 'ರಾಣಕದೇವಿ' ಚಿತ್ರಕ್ಕಾಗಿ. ಪ್ರಿಯನನ್ನು ತನ್ನ ಹಳ್ಳಿಗೆ ಬರಹೇಳುವ ಅದರ ಒಂದು ಹಾಡು ಗುಜರಾತಿ ಮನೆಗಳಲ್ಲಿ ಜಾನಪದದಂತೆಯೇ ಬೆರೆತುಹೋಗಿದೆ. ಮುಂಬಯಿಯ ಗುಜರಾತಿ ನೆರೆಯವರಲ್ಲಿ ವಯಸ್ಸಾದ ತಾಯಂದಿರನ್ನು ಕೇಳಿದರೆ ಹಾಡನ್ನು ಬಲ್ಲವರು ಸಿಕ್ಕಾರು. ಅದನ್ನು ಹಾಡಿದಾಕೆ ಕನ್ನಡತಿಯೆಂಬುದನ್ನು ಬಲ್ಲವರು ಸಿಕ್ಕುವುದು ಅಪರೂಪ. ನೆರೆಯವರ ನುಡಿಯನ್ನು ಕಲಿತು ಅದನ್ನು ಅವರಿಗಿಂತ ಚೆನ್ನಾಗಿ ಆಡಿ ತೋರಿಸುವುದು ಹೊರನಾಡಿನ ಕನ್ನಡಿಗನ ಹಳೆಯ ಗುಣ. ಅಮೀರಬಾಯಿಯವರಲ್ಲಿ ಆ ಗುಣವು ಕಲೆಯ ಎತ್ತರಕ್ಕೇರಿತು. ಕನ್ನಡದಲ್ಲಿಯೂ ಅವರು ಗ್ರಾಮಫೋನ್ ತಟ್ಟೆಗಳಿಗೆ ಹಾಡಿದರು. ನಾಡಿನ ಜನ ಅವರನ್ನು ಕನ್ನಡ ಕೋಗಿಲೆಯೆಂದು ಕರೆದರು. ಆದರೆ ಆಗ ಕನ್ನಡದಲ್ಲಿ ಚಿತ್ರಗಳೇ ವಿರಳ. ವರ್ಷಕ್ಕೆ ಒಂದೋ ಎರಡೋ. ಎಷ್ಟೋ ವರ್ಷ ಅದೂ ಇಲ್ಲ. ಕೋಗಿಲೆಯಿದ್ದೂ ತೋಪು ಸಾಲದಾಯಿತು.

ಮನ್ನಣೆಯ ಮಾತು ಬಂದಾಗ ಸಂಭಾವನೆಯನ್ನೂ ಹೇಳಬೇಕು. ಆಗಿನ ಚಿತ್ರಪತ್ರಿಕೆಗಳಲ್ಲಿ ದೊಡ್ಡ ಹೆಸರಾಗಿದ್ದ 'ಫಿಲ್ಮ್ ಇಂಡಿಯಾ'ದ ಸಂಪಾದಕ ಬಾಬೂರಾವ್ ಪಟೇಲರು ಬರೆದಿದ್ದಂತೆ, ಉಳಿದ ಗಾಯಕಿಯರಿಗೆ ಒಂದು ತಟ್ಟೆಗೆ 500 ರೂಪಾಯಿ ದೊರೆಯುತ್ತಿದ್ದಾಗ ಅಮೀರಬಾಯಿಯವರಿಗೆ 1000 ರೂಪಾಯಿ ದೊರೆಯುತ್ತಿದ್ದಿತಂತೆ. ಪೇಟೆಯೆಂಬುದು ನಿರ್ದಯವಾದುದು, ಅದು ಯಾರನ್ನೂ ಓಲೈಸಿ ಹಣ ಕೊಡುವುದಿಲ್ಲ. ತಟ್ಟೆಗಳು ಮಾರಾಟವಾಗುತ್ತಿದ್ದವು, ಅದಕ್ಕೇ ಕೊಟ್ಟರು. ಇರಾಣಿ ಹೋಟೆಲಿನ ಗಿರಾಕಿ, ಗಿರಣಿಯ ಚಾಳಿನಲ್ಲಿ ವಂತಿಗೆ ಕೂಡಿಸಿ ಪೆಟ್ಟಿಗೆ ತಂದ ಕೆಲಸಗಾರರು, ಮದುವೆಯ ಚಪ್ಪರಕ್ಕೆ ಬಾಡಿಗೆಯ ಗ್ರಾಮಫೋನ್ ಕಟ್ಟಿಸಿದ ಯಜಮಾನ, ಇವರೆಲ್ಲರೂ ಸೇರಿ ಕೊಟ್ಟ ಪ್ರಶಸ್ತಿಯದು.

ಹೊರಗಿನ ಈ ಸಂಭ್ರಮಕ್ಕೆ ಒಳಗಿನ ಬಾಳು ಹೊಂದಿರಲಿಲ್ಲ. ಚಿತ್ರರಂಗದ ನಟನೊಬ್ಬನೊಡನೆ ಆದ ಮೊದಲ ಮದುವೆಯು ಅವರಿಗೆ ಸುಖವನ್ನು ಕೊಡಲಿಲ್ಲ. ಗಳಿಸಿದ ಹಣವೂ ಮನಸ್ಸಿನ ನೆಮ್ಮದಿಯೂ ಅದರಲ್ಲಿ ಹೋದವು. ಆ ಬಂಧನದಿಂದ ಬಿಡಿಸಿಕೊಂಡ ಮೇಲೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರ ಕೈಹಿಡಿದರು. ಆ ಬಾಳು ಶಾಂತವಾಗಿದ್ದಿತು. ಈ ವಿಷಯವನ್ನು ಇಷ್ಟಕ್ಕೇ ಬಿಡುವುದು ಲೇಸು. ವಿರಹದ ಹಾಡುಗಳಲ್ಲಿ ಅವರ ದನಿಯು ಅಷ್ಟು ನಿಜವಾಗಿ ಕೇಳಿಸುವುದೇಕೆಂದು ಕೇಳುವವರಿಗೆ ಬೇರೆ ಉತ್ತರ ಬೇಕಾಗಿಲ್ಲ.

ಈಗ ಅವರ ಹೆಸರಿನ ವಿಚಾರ. ಅಂದಿನ ಗಾಯಕಿಯರು ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವುದು ರೂಢಿಯಾಗಿದ್ದಿತು. ಅಂಬಾಲೆಯ ಜೋಹರಾಬಾಯಿ ಅಂಬಾಲೇವಾಲಿಯಾದರು. ಫೈಜಾಬಾದಿನ ಅಖ್ತರೀಬಾಯಿ ಫೈಜಾಬಾದಿಯಾದರು. ಕೇರಿಯ ಕೇಸರಬಾಯಿ ಕೇರಕರರಾದರು. ನಮ್ಮ ಗಂಗೂಬಾಯಿಯವರು ಹಾನಗಲ್ಲಿನವರಾದರು. ಒಬ್ಬೊಬ್ಬರದು ಒಂದೊಂದು ಊರು. ಬೀಳಗಿಯ ಈ ಸೋದರಿಯರು ಮಾತ್ರ ಊರನ್ನು ಹಿಡಿಯದೆ ನಾಡನ್ನೇ ಹಿಡಿದರು. ಬೀಳಗಿಯವರೆನ್ನಲಿಲ್ಲ, ವಿಜಾಪುರದವರೆನ್ನಲಿಲ್ಲ, ಕರ್ನಾಟಕಿ ಎಂದರು. ಕನ್ನಡದ ಮಾತಿನಲ್ಲಿ ಈ ರೂಪವಿಲ್ಲ, ನಾವಾದರೆ ಕನ್ನಡತಿ ಎನ್ನುತ್ತೇವೆ. ಮರಾಠಿ-ಹಿಂದಿಗಳ ಕಡೆಯಿಂದ ಬಂದ ರೂಪವಿದು. ಹೊರಗಿನವರ ನಡುವೆ ನಿಂತಾಗಲೇ ನಾವು ಯಾರೆಂಬುದನ್ನು ಹೇಳಬೇಕಾಗುತ್ತದೆ. ಈ ಹೆಸರಿನಲ್ಲಿ ಆ ಅನುಭವವಿದೆ.

ಆಗ ಕರ್ನಾಟಕವೆಂಬ ರಾಜ್ಯವಾದರೂ ಎಲ್ಲಿದ್ದಿತು? ಮುಂಬಯಿ ಇಲಾಖೆಯಲ್ಲಿ ಒಂದು ತುಂಡು, ಮದರಾಸಿನಲ್ಲಿ ಒಂದು ತುಂಡು, ನಿಜಾಮನ ಕೈಯಲ್ಲಿ ಒಂದು ತುಂಡು, ಮೈಸೂರಿನ ಅರಸರಲ್ಲಿ ಒಂದು, ಕೊಡಗು ಬೇರೆ, ಸಣ್ಣಪುಟ್ಟ ಸಂಸ್ಥಾನಗಳು ಬೇರೆ. ಆಲೂರ ವೆಂಕಟರಾಯರಂಥವರು ಕರ್ನಾಟಕತ್ವವನ್ನು ಊರೂರಿಗೆ ಸಾರುತ್ತಿದ್ದ ಕಾಲವದು. ಕನ್ನಡ ಸೀಮೆಗಳೆಲ್ಲ ಒಂದಾದುದು 1956ರ ನವೆಂಬರ್ 1ರಂದು. ಅಂದೂ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಉಳಿಯಿತು. ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ರಾಜ್ಯಕ್ಕೆ ಸಿಕ್ಕುವ ಮೊದಲೇ, ಪೇಶಾವರದಿಂದ ರಂಗೂನಿನವರೆಗೆ ತಟ್ಟೆ ತಿರುಗುವ ಕಡೆಯಲ್ಲೆಲ್ಲ, ಈ ಹೆಸರು ಒಬ್ಬ ಹೆಣ್ಣುಮಗಳ ಹೆಸರಿನ ಬೆನ್ನಿಗೆ ಅಂಟಿಕೊಂಡು ಹೋಗಿದ್ದಿತು. ಆ ಕಾಲದ ತಟ್ಟೆಗಳ ಮೇಲೆ ಎಷ್ಟೋ ಸಲ ಗಾಯಕಿಯ ಹೆಸರಿಗೆ ಬದಲಾಗಿ ಚಿತ್ರದ ಪಾತ್ರದ ಹೆಸರನ್ನೇ ಅಚ್ಚು ಹಾಕುತ್ತಿದ್ದರು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ಮೊದಲ ತಟ್ಟೆಗಳ ಮೇಲೆ ಲತಾ ಮಂಗೇಶ್ಕರರ ಹೆಸರಿಲ್ಲದೆ ಕಾಮಿನಿಯೆಂಬ ಪಾತ್ರದ ಹೆಸರಿದ್ದಿತು. ಅಂಥ ದಿನಗಳಲ್ಲಿ ತನ್ನ ಹೆಸರನ್ನೂ ಅದರೊಡನೆ ನಾಡಿನ ಹೆಸರನ್ನೂ ಜನರ ನಾಲಗೆಯ ಮೇಲೆ ನಿಲ್ಲಿಸುವುದು ಅಲ್ಪಸಾಧನೆಯಲ್ಲ.

1949ರ ನಂತರ ಗಾಳಿ ಬೇರೆ ಕಡೆಗೆ ತಿರುಗಿತು. ಧ್ವನಿಗ್ರಹಣದ ಯಂತ್ರಗಳು ಸುಧಾರಿಸಿದಂತೆ ತೆಳ್ಳಗಿನ, ನವುರಾದ ಕಂಠವು ಕಿವಿಗೆ ಇಂಪಾಯಿತು. ತುಂಬುಕಂಠದ ಹಳೆಯ ಗಾಯಕಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. 1950ರ 'ಸಮಾಧಿ' ಚಿತ್ರದಲ್ಲಿ ಅಮೀರಬಾಯಿ ಮತ್ತು ಲತಾ ಮಂಗೇಶ್ಕರರು ಕೂಡಿ ಹಾಡಿದ ಯುಗಳಗೀತೆಯೊಂದಿದೆ. ಕುಣಿಸುವ ಧಾಟಿಯ ಆ ಹಾಡನ್ನು ಇಂದು ಕೇಳಿದರೆ ಎರಡು ಕಾಲಗಳು ಒಂದೇ ಮೈಕಿನ ಮುಂದೆ ನಿಂತಂತೆ ತೋರುತ್ತದೆ. ಹಿರಿಯರು ಕಿರಿಯರೊಡನೆ ಸರಿಸಮವಾಗಿ ನಕ್ಕು ಹಾಡಿದ್ದಾರೆ. ಮುಂದೆ ಅವರು ತಾಯಿ, ಅತ್ತೆ ಮೊದಲಾದ ಪೋಷಕ ಪಾತ್ರಗಳಲ್ಲಿ ನಟಿಸತೊಡಗಿದರು. ಮೇಲೇರಿದವರಿಗೆ ಕೆಳಗಿಳಿಯುವುದು ಏರುವುದಕ್ಕಿಂತ ಕಠಿಣ. ಅವರು ಕೆಲಸವನ್ನು ಸಣ್ಣದೆಂದು ಬಿಡಲಿಲ್ಲ.

ಊರನ್ನು ಅವರು ಮರೆಯಲಿಲ್ಲ. ವಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಜ್ ತಲೆಯೆತ್ತಿತು. ಮುಂಬಯಿಯಲ್ಲಿ ನಾಲ್ಕು ಕಾಸು ಕಂಡವರು ಊರಿನಲ್ಲಿ ಮನೆಯನ್ನೋ ಗುಡಿಗೆ ಗಂಟೆಯನ್ನೋ ಕೊಡುವಂತೆ, ತಮಗೆ ಅನ್ನವಿಕ್ಕಿದ ಕಲೆಗೆ ಅವರು ಊರಿನಲ್ಲಿ ಒಂದು ನೆಲೆ ಕೊಟ್ಟರೆನ್ನಬಹುದು. ಕೊನೆಗೆ ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ಅವರು ತೀರಿಕೊಂಡರು. ಅಂತ್ಯಕ್ರಿಯೆ ನಡೆದುದು ವಿಜಾಪುರದಲ್ಲಿ. ಮುಂಬಯಿ ಹಾಡಿಸಿಕೊಂಡಿತು, ಮಣ್ಣು ಮಾತ್ರ ತನ್ನ ಮಗಳನ್ನು ಕೇಳಿ ಪಡೆಯಿತು.

ಇಷ್ಟಾಗಿ ಅವರಿಗೆ ದೊರೆತ ಪ್ರಶಸ್ತಿಗಳಾವುವು? ಲೆಕ್ಕ ಹಾಕಿ ನೋಡೋಣ. ಫಿಲ್ಮ್‌ಫೇರ್ ಪ್ರಶಸ್ತಿಗಳು ಆರಂಭವಾದುದು 1954ರಲ್ಲಿ. ಹಿನ್ನೆಲೆ ಗಾಯನಕ್ಕೆ ಅದರಲ್ಲಿ ಸ್ಥಾನ ದೊರೆತುದು 1959ರಲ್ಲಿ. ಅಷ್ಟರಲ್ಲಿ ಅಮೀರಬಾಯಿಯವರ ಗಾಯನದ ದಿನಗಳು ಮುಗಿದಿದ್ದವು. ಪದ್ಮ ಪ್ರಶಸ್ತಿಗಳು 1954ರಲ್ಲಿ ಮೊದಲಾದವು, ಅವರತ್ತ ಬರಲಿಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಹಿನ್ನೆಲೆ ಗಾಯಕರನ್ನು ಗೌರವಿಸತೊಡಗಿದ್ದು ಅವರು ತೀರಿಕೊಂಡ ನಂತರ. ನಮ್ಮ ರಾಜ್ಯೋತ್ಸವ ಪ್ರಶಸ್ತಿಯು ಆರಂಭವಾದುದು 1966ರಲ್ಲಿ, ಅವರು ಕಣ್ಮುಚ್ಚಿದ ಮರುವರ್ಷ. ದಾದಾಸಾಹೇಬ ಫಾಲ್ಕೆ ಪ್ರಶಸ್ತಿ 1969ರದು. ಅದರ ಮೊದಲ ಗೌರವವು ಬಾಂಬೆ ಟಾಕೀಸಿನ ಒಡತಿಯಾಗಿದ್ದು ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದ ದೇವಿಕಾರಾಣಿಯವರಿಗೆ ಸಂದಿತು. 'ಕಿಸ್ಮತ್'ನ ನಾಯಕ ಅಶೋಕಕುಮಾರರಿಗೂ ಅದರ ಕವಿ ಪ್ರದೀಪರಿಗೂ ಮುಂದೆ ಅದೇ ಪ್ರಶಸ್ತಿ ಬಂದಿತು. ಅಮೀರಬಾಯಿಯವರ ಸಮಕಾಲೀನರಾದ ಶಂಶಾದ್ ಬೇಗಂ ದೀರ್ಘಾಯುಷಿಗಳಾದುದರಿಂದ 2009ರಲ್ಲಿ ಪದ್ಮಭೂಷಣವನ್ನು ಕಂಡರು. ಅಮೀರಬಾಯಿಯವರಿಗೆ ಆಯುಷ್ಯವೂ ಸಾಲಲಿಲ್ಲ.

ಇದನ್ನು ಅನ್ಯಾಯವೆಂದು ಕೂಗಬೇಕಾಗಿಲ್ಲ. ಇದರಲ್ಲಿ ಹೆಚ್ಚಿನದು ಕಾಲದ ತಪ್ಪು. ಬೆಳೆ ಬಂದಾಗ ಕಣಜವಿರಲಿಲ್ಲ, ಕಣಜ ಕಟ್ಟುವ ಹೊತ್ತಿಗೆ ಬೆಳೆ ಮುಗಿದಿದ್ದಿತು. ಆದರೆ ನಮ್ಮ ಪಾಲಿನ ತಪ್ಪೊಂದಿದೆ. ಸರಕಾರಗಳು ಪದಕ ಕೊಡದಿದ್ದರೆ ಸರಕಾರಗಳನ್ನು ದೂರಬಹುದು. ಜನ ಮರೆತರೆ ಯಾರನ್ನು ದೂರುವುದು? ಹೊರನಾಡಿನ ಕನ್ನಡ ಸಂಘಗಳಾದ ನಾವು ವರ್ಷವರ್ಷವೂ ಹಿರಿಯರ ಭಾವಚಿತ್ರಗಳನ್ನು ಸಾಲಾಗಿ ಇಡುತ್ತೇವೆ, ಹಾರ ಹಾಕುತ್ತೇವೆ. ಆ ಸಾಲಿನಲ್ಲಿ ಕವಿಗಳಿದ್ದಾರೆ, ಮುತ್ಸದ್ದಿಗಳಿದ್ದಾರೆ. ಮಲಾಡಿನ ಸ್ಟುಡಿಯೋದಲ್ಲಿ ನಿಂತು ಹಾಡಿದ ಈ ತಾಯಿಯ ಚಿತ್ರವನ್ನು ಎಷ್ಟು ಸಲ ಇಟ್ಟಿದ್ದೇವೆ? ಆಕೆ ಹಿಂದಿಯಲ್ಲಿ ಹಾಡಿದರೆಂದೋ, ಬಾಯಿಯೆನಿಸಿಕೊಂಡ ಗಾಯಕಿಯರ ಪರಂಪರೆಯವರೆಂದೋ, ಸಿನಿಮಾದವರೆಂದೋ ನಮ್ಮ ಮನಸ್ಸು ಹಿಂಜರಿದಿದ್ದರೆ ಆ ಹಿಂಜರಿಕೆಯನ್ನು ಇಂದೇ ಬಿಡೋಣ. ಆಕೆ ನಮ್ಮ ಹೆಸರನ್ನು ಹೊರಲು ಹಿಂಜರಿಯಲಿಲ್ಲ.

ನಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಓದುತ್ತಾರೆ. ಮನೆಯಲ್ಲಿ ಕನ್ನಡವನ್ನು ಅರ್ಧಂಬರ್ಧ ಆಡುತ್ತಾರೆ. ಊರು ಯಾವುದೆಂದು ಯಾರಾದರೂ ಕೇಳಿದರೆ ಕೆಲವರು ತಡವರಿಸುತ್ತಾರೆ. ಅಂಥವರನ್ನು ಬಳಿಯಲ್ಲಿ ಕೂಡಿಸಿಕೊಂಡು ಅಮೀರಬಾಯಿಯವರ ಒಂದು ಹಾಡನ್ನು ಕೇಳಿಸಿರಿ. ಹಳೆಯ ತಟ್ಟೆ ಬೇಕಾಗಿಲ್ಲ, ಕೈಯಲ್ಲಿರುವ ಫೋನಿನಲ್ಲಿಯೇ ಅದು ದೊರೆಯುತ್ತದೆ. ಹಾಡು ಮುಗಿದ ಮೇಲೆ ಗಾಯಕಿಯ ಪೂರ್ತಿ ಹೆಸರನ್ನು ಮಗುವಿನಿಂದಲೇ ಓದಿಸಿರಿ. ಆ ಹೆಸರಿನ ಎರಡನೆಯ ಭಾಗವು ಏಕೆ ಹಾಗಿದೆಯೆಂದು ಮಗು ಕೇಳೀತು. ಆಗ ಬೀಳಗಿಯ ಕಥೆಯನ್ನೂ, ಅದರ ಬೆನ್ನಿಗೆ ನಿಮ್ಮ ಊರಿನ ಕಥೆಯನ್ನೂ ಹೇಳಿರಿ. ಅಮೀರಬಾಯಿಯವರಿಗೆ ನಾವು ಸಲ್ಲಿಸಬಹುದಾದ ಸನ್ಮಾನವೆಂದರೆ ಅದೇ.